ಆನೆ ನೋಡುವ ಡಬ್ಬಿಯ ಹಿಂದೆ ನಾಟ್ರಾಂಪಾಳ್ಯಕ್ಕೆ

ಹೊಸೂರು ಬಸ್ ನಿಲ್ದಾಣದಲ್ಲೇ ನನ್ನ ತಾಳ್ಮೆ ಅರ್ಧ ಖರ್ಚಾಯಿತು. ಹೆಗಲ ಮೇಲೆ ಸುರುಳಿ ಸುತ್ತಿದ ಫ್ಲೆಕ್ಸ್ ಬ್ಯಾನರ್. ಬಿಚ್ಚಿದರೆ ಗಂಡಾನೆಯೊಂದರ ಚಿತ್ರ, ನಿಜವಾದ ಆನೆಯಷ್ಟೇ ಉದ್ದಗಲ. ಅಂಚೆಟ್ಟಿ ಬಸ್ಸಿನ ಕಂಡಕ್ಟರು ಅಡ್ಡ ನಿಂತು, "ಕಲ್ಯಾಣಮಾ ಸಾರ್?" ಎಂದ. ಮದುವೆಯಲ್ಲಪ್ಪ, ಆನೆ ಎಂದೆ. "ಮಾಪ್ಪಿಳ್ಳೈ ಯಾನೈಯಾ?" ಎಂದು ಅವನು ಕೇಳಿದ್ದೇ ತಡ, ಮದುಮಗನೇ ಆನೆಯಂತೆ ಎಂದು ಬಸ್ಸೆಲ್ಲ ನಕ್ಕಿತು. ಮೇಲೆ ಲಗೇಜ್ ಟಿಕೆಟ್ ಬೇರೆ ಕೇಳಿದ. ಈ ದಾರಿಯಲ್ಲಿ ಹೋಗುವವರಿಗೆ ಒಂದು ಮಾತು: ಉದ್ದನೆಯ ಸಾಮಾನನ್ನು ಮೊಣಕಾಲುಗಳ ನಡುವೆ ನೆಟ್ಟಗೆ ನಿಲ್ಲಿಸಿಕೊಂಡು ಕಿಟಕಿ ಕಡೆ ನೋಡುತ್ತ ಕೂತುಬಿಡಿ. ಎರಡು ಸಲ ಕೇಳಿ ಸುಮ್ಮನಾಗುತ್ತಾರೆ. ನಾನು ಹಾಗೇ ಮಾಡಿದೆ, ಸುಮ್ಮನಾದ.

ಜೊತೆಗಿದ್ದವಳು ಮಾಲತಿ. ಹೊಸೂರಿನ ಮೇಷ್ಟ್ರ ಮಗಳು, ಸಣ್ಣದೊಂದು ಕಂಪನಿಯಲ್ಲಿ ಕ್ಯಾಮೆರಾ ಚಿಪ್ ವಿನ್ಯಾಸ ಮಾಡುತ್ತಾಳೆ. ನನ್ನದು ಪ್ಲಾಸ್ಟಿಕ್ ಅಚ್ಚಿನ ಶೆಡ್ಡು. ಅವಳ ಚಿಪ್ಪಿಗೆ ಡಬ್ಬಿ ಮಾಡಿಕೊಡುವವನು ನಾನು. ಮಾಮೂಲಿ ಕ್ಯಾಮೆರಾ ಚಿತ್ರ ಹಿಡಿದು ಎಲ್ಲಿಗೋ ಕಳಿಸುತ್ತದೆ, ಅಲ್ಲಿ ದೊಡ್ಡ ಕಂಪ್ಯೂಟರು ನೋಡಿ ಇದು ಇಂಥದ್ದು ಎನ್ನುತ್ತದೆ. ಅದಕ್ಕೆ ನೆಟ್‌ವರ್ಕು ಬೇಕು, ಕರೆಂಟೂ ಬೇಕು. ಮಾಲತಿಯ ಚಿಪ್ಪು ಬೆರಳುಗುರಿನಷ್ಟು. ಬೆಳಕು ಹಿಡಿಯುವುದೂ ಅದೇ, ಆನೆಯೋ ಅಲ್ಲವೋ ಎಂದು ತೀರ್ಮಾನಿಸುವುದೂ ಅದೇ. ಸಾವಿರಾರು ಆನೆ ಚಿತ್ರ ತೋರಿಸಿ ಕಲಿಸಿದ ನ್ಯೂರಲ್ ನೆಟ್‌ವರ್ಕ್ ಅದರ ಒಳಗೇ ಕೂತಿದೆ. ಎದುರಿಗೆ ಏನಾದರೂ ಅಲುಗಾಡಿದರೆ ಮಾತ್ರ ಎಚ್ಚರವಾಗಿ ನೋಡುತ್ತದೆ, ಆನೆ ಕಂಡರೆ ಕೂಗುತ್ತದೆ, ನೋಡಿದ ಚಿತ್ರವನ್ನು ಅಲ್ಲೇ ಅಳಿಸಿ ಮಲಗುತ್ತದೆ. ಎರಡು ಪೆನ್ಸಿಲ್ ಸೆಲ್ಲಿನಲ್ಲಿ ಒಂದು ಬೆಳೆ ಕಾಯುತ್ತದೆ.

ಕಾಯಬೇಕಿತ್ತು. ನಾಟ್ರಾಂಪಾಳ್ಯದ ಮಾದಪ್ಪನ ರಾಗಿ ಹೊಲದಲ್ಲಿ ಪರೀಕ್ಷೆಗೆಂದು ನೆಟ್ಟುಬಂದ ಡಬ್ಬಿ ಸಿಕ್ಕಿದ್ದಕ್ಕೆಲ್ಲ ಕೂಗುತ್ತಿದೆಯಂತೆ. ಚಿಪ್ಪಿನ ಕೊನೆಯ ನಕ್ಷೆ ಸೋಮವಾರ ತಯಾರಿಕೆಗೆ ಹೋಗಬೇಕು. ಹೋದಮೇಲೆ ಒಂದು ಗೆರೆಯನ್ನೂ ತಿದ್ದುವಂತಿಲ್ಲ.

"ಏನು ನೋಡಿ ಕೂಗ್ತಿದೆ ಅಂತ ಗೊತ್ತಾಗಬೇಕಾದ್ರೆ ಚಿತ್ರ ಉಳಿಸ್ಕೊಬೇಕಣ್ಣ. ಅದಕ್ಕೆ ಮೆಮೊರಿ ಹಾಕ್ಬೇಕು. ಚಿಪ್ಪು ಎರಡರಷ್ಟಾಗುತ್ತೆ, ಬ್ಯಾಟರಿಯೂ ದೊಡ್ಡದಾಗುತ್ತೆ," ಎಂದಳು ಮಾಲತಿ.

"ಆಗ ಅದಕ್ಕೂ ಸಂತೇಲಿ ಸಿಗೋ ಕ್ಯಾಮೆರಾಕ್ಕೂ ಏನಮ್ಮ ವ್ಯತ್ಯಾಸ?"

"ಏನೂ ಇಲ್ಲ," ಎಂದು ಕಿಟಕಿ ಕಡೆ ತಿರುಗಿದಳು. ಮೂರು ವರ್ಷದ ಕೆಲಸ ಅವಳದು.

ದೇಂಕನಿಕೋಟೆಯಿಂದಾಚೆ ಕಾಡು, ತಿರುವು, ಚಳಿ. ಅಂಚೆಟ್ಟಿಯಲ್ಲಿ ಇಳಿದು ಮುದ್ದೆ, ಹುರುಳಿ ಸಾರು ಉಂಡೆವು. ಸಾರು ಚೆನ್ನಾಗಿತ್ತು, ಮುದ್ದೆ ಮಾತ್ರ ಆರಿಹೋಗಿತ್ತು. ಮುಂದಿನ ಬಸ್ಸು ಕೆಟ್ಟು ನಿಂತಿದೆ ಎಂದರು. ಜೀಪಿನವನು ನಾನೂರು ಕೇಳಿದ. ಜೀಪಿನ ಹತ್ತಿರ ನಿಂತು ಯಾವತ್ತೂ ಚೌಕಾಸಿ ಮಾಡಬೇಡಿ. ಟೀ ಅಂಗಡಿ ಬೆಂಚಿನ ಮೇಲೆ ಕೂತು, ನಾಳೆ ಹೋದರೂ ಆದೀತು ಎಂಬಂತೆ ಮಾಡಿ. ಇನ್ನೂರೈವತ್ತಕ್ಕೆ ಬಂದ. ಆದರೆ ದಾರಿಯುದ್ದಕ್ಕೂ ಎಂಟು ಜನರನ್ನು ಹತ್ತಿಸಿಕೊಂಡು ನನ್ನ ಲಾಭವನ್ನೆಲ್ಲ ಅವನೇ ವಸೂಲು ಮಾಡಿಕೊಂಡ.

ಮಾದಪ್ಪ ಹೊಲದ ಬದುವಿನಲ್ಲೇ ಕಾದಿದ್ದ. ರಾಗಿ ತೆನೆ ಬಲಿತು ಬಾಗಿತ್ತು. ಕಾಡಿನ ಕಡೆಯ ಒಂದು ಮೂಲೆ ಮಾತ್ರ ಚಾಪೆ ಹಾಸಿದಂತೆ ನೆಲಕ್ಕೆ ಮಲಗಿತ್ತು.

"ಬನ್ನಿ ಅಣ್ಣೋ, ನೋಡಿ ನಿಮ್ ಡಬ್ಬಿ ಭಾಗ್ಯ," ಎಂದ. "ಮೇಕೆ ಹೋದ್ರೂ ಆನೆ, ಸೈಕಲ್ ಹೋದ್ರೂ ಆನೆ, ನಮ್ಮವ್ವ ಹೋದ್ರೂ ಆನೆ. ಅವ್ವಂಗೆ ಕ್ವಾಪ ಬಂದು ಎಲ್ಡು ದಿನ ಈ ಕಡೀಕೇ ಬರ್ನಿಲ್ಲ. ಮೊನ್ನೆ ದಿಟವಾದ ಆನೆ ಬಂತು. ಇದು ಕೂಗ್ತು. ಕೂಗ್ಕೊಳ್ಲಿ ಅಂತ ಯಾರೂ ಏಳ್ನಿಲ್ಲ. ಮೂಲೆ ತಿಂದು ಹೋಗ್ಬುಡ್ತು. ಇವತ್ತೇ ಕಿತ್ಕೊಂಡ್ ಹೋಗಿ."

ಮಾಲತಿ ಬದುವಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು. ಸೆಲ್ಲು ಸರಿ, ತಂತಿ ಸರಿ, ಲೆಕ್ಕಾಚಾರ ಸರಿ. ಮೇಕೆ ಓಡಿಸಿದೆವು; ಡಬ್ಬಿ ಕೂಗಿತು. ನಾನು ನಡೆದೆ; ಕೂಗಿತು. "ನಿಮ್ಮನ್ನ ನೋಡಿ ಕೂಗಿದ್ರಲ್ಲಿ ತೆಪ್ಪೇನಿಲ್ಲ ಬುಡಿ," ಎಂದು ಮಾದಪ್ಪ ನನ್ನ ಹೊಟ್ಟೆ ನೋಡಿದ. ಮಧ್ಯಾಹ್ನವಿಡೀ ಇದೇ ಆಯಿತು. ಫೋನಿನ ಸಿಗ್ನಲ್ಲಿಗೆ ಬಂಡೆ ಹತ್ತಬೇಕಿತ್ತು. ಕೊನೆಗೆ ಮಾಲತಿ ಲ್ಯಾಪ್‌ಟಾಪ್ ಮುಚ್ಚಿ, "ಆಯ್ತಣ್ಣ, ಬಿಚ್ಚಿ. ಮೆಮೊರಿ ಹಾಕೋಣ ಅಂತ ಆಫೀಸಿಗೆ ಹೇಳ್ಬಿಡ್ತೀನಿ," ಎಂದು ಬಂಡೆಯ ಕಡೆ ಹೊರಟಳು.

ನಾನು ಬೈದುಕೊಳ್ಳುತ್ತಲೇ ಕಂಬದ ಹತ್ತಿರ ಹೋಗಿ ಡಬ್ಬಿಯನ್ನು ಅಂಗೈಯಲ್ಲಿ ಹಿಡಿದು ತಿರುಪು ಬಿಚ್ಚತೊಡಗಿದೆ. ಹೆಬ್ಬೆರಳು ಕೆಂಪಾಯಿತು. ನೋಡಿದರೆ ಕುಂಕುಮ. ಅದರಡಿಗೆ ಎಣ್ಣೆ ಬೆರೆಸಿದ ಅರಿಶಿನ, ಪದರದ ಮೇಲೆ ಪದರ.

"ಮಾಲತೀ! ನಿಂತ್ಕೋ! ಫೋನ್ ಮಾಡ್ಬೇಡ!" ಎಂದು ಕಿರುಚಿದ್ದಕ್ಕೆ ಡಬ್ಬಿಯೂ ಜೊತೆಗೇ ಕಿರುಚಿತು.

ಅದರ ಕಣ್ಣು ಒಂದು ರಾಗಿ ಕಾಳಿನಷ್ಟು, ಡಬ್ಬಿಯ ಮುಖದ ನಟ್ಟನಡುವೆ. ಕ್ಯಾಮೆರಾ ಎಂದು ಗೊತ್ತಾದರೆ ಹೆಂಗಸರು ಹೊಲಕ್ಕೆ ಬರಲು ಹಿಂದೆ ಮುಂದೆ ನೋಡುತ್ತಾರೆ, ಕಣ್ಣು ಕಾಣದ ಹಾಗೆ ಮಾಡೋಣ ಎಂದು ಸಲಹೆ ಕೊಟ್ಟವನು ನಾನೇ. ಕಾಣಲೇ ಇಲ್ಲ. ಅದರ ಮೇಲೇ ಬೊಟ್ಟು ಕೂತಿತ್ತು. ನಾವೂ ಮಧ್ಯಾಹ್ನದಿಂದ ಆ ಬೊಟ್ಟನ್ನು ನೋಡುತ್ತಲೇ ಇದ್ದೆವು. ನನ್ನ ಶೆಡ್ಡಿನ ಪ್ರತಿ ಮಿಷನ್ನಿಗೂ ಬೊಟ್ಟಿದೆ, ನಾವು ಬಂದ ಬಸ್ಸಿಗಿತ್ತು, ಜೀಪಿಗಿತ್ತು, ಮಾಲತಿಯ ಲ್ಯಾಪ್‌ಟಾಪಿನ ಮುಚ್ಚಳದ ಮೇಲೂ ಆಯುಧಪೂಜೆಯದು ಇನ್ನೂ ಅಳಿಸಿಲ್ಲ. ಬೊಟ್ಟಿಲ್ಲದಿದ್ದರೆ ಏನೋ ಕಡಿಮೆಯಿದೆ ಎಂದು ಕಣ್ಣು ಹೋಗುತ್ತಿತ್ತೇನೋ.

ಅಷ್ಟರಲ್ಲಿ ಕೂಗು ಕೇಳಿ ಮಾದಪ್ಪನ ತಾಯಿ ಬಂದರು. "ಯಾರಮ್ಮ ಇದಕ್ಕೆ ಕುಂಕುಮ ಇಟ್ಟೋರು?" ಎಂದೆ.

"ನಾನೇ ಕಣಪ್ಪ. ಬೆಳೆ ಕಾಯಾ ಸಾಮಾನು, ಬರೀ ಹಣೇಲಿ ನಿಲ್ಸಕಾಯ್ತದಾ? ಸುಕ್ರವಾರ ಸುಕ್ರವಾರ ಇಕ್ತೀನಿ. ಅದು ನನ್ನೇ ಆನೆ ಅಂದ್ರೂ ಇಕ್ದೆ!"

ಮಾಲತಿ ತಲೆ ಮೇಲೆ ಕೈ ಹೊತ್ತು ನಕ್ಕಳು. ಎಣ್ಣೆ ಹತ್ತಿ ಅರೆ ಮುಚ್ಚಿದ ಕಣ್ಣಿಗೆ ಎದುರು ಹಾದದ್ದೆಲ್ಲ ದೊಡ್ಡ ಮಸುಕು ಗುಡ್ಡೆ. ಅಲುಗಾಡುವ ಗುಡ್ಡೆ ಆನೆಯಲ್ಲದೆ ಇನ್ನೇನು ಎಂದಳು. ದುಪಟ್ಟಾದ ಅಂಚಿನಿಂದ ಉಜ್ಜಿದಳು. ಮೇಕೆ ಹೋಯಿತು: ಸದ್ದಿಲ್ಲ. ಸೈಕಲ್: ಸದ್ದಿಲ್ಲ. ಅಜ್ಜಿ ಸೆರಗು ಸರಿಮಾಡಿಕೊಂಡು ಬೇಕೆಂದೇ ಎರಡು ಸಲ ಓಡಾಡಿದರು: ಸದ್ದಿಲ್ಲ. ಆಮೇಲೆ ನಾನೂ ಮಾದಪ್ಪನೂ ಫ್ಲೆಕ್ಸ್ ಬಿಚ್ಚಿ, ಆಚೆ ಈಚೆ ಹಿಡಿದು, ಕಾಡಿನಂಚಿನಿಂದ ಎಡವುತ್ತ ಬಂದೆವು. ನಾಲ್ಕು ಹೆಜ್ಜೆಗೇ ಡಬ್ಬಿ ಹೊಲ ಅದುರುವಂತೆ ಕೂಗಿತು.

"ಇರ್ಲಿ ಬುಡಿ ಅಣ್ಣೋ, ಕೀಳ್ಬೇಡಿ," ಎಂದ ಮಾದಪ್ಪ.

ಮಾಲತಿ ಬಂಡೆ ಹತ್ತಿ ಆಫೀಸಿಗೆ ಹೇಳಿದಳು: ಚಿಪ್ಪು ಹಾಗೇ ಇರಲಿ, ಮೆಮೊರಿ ಬೇಡ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅಂದು ಶುಕ್ರವಾರ. ಅಜ್ಜಿ ಆಗಲೇ ಕುಂಕುಮದ ಬಟ್ಟಲು ಹಿಡಿದು ಬಂದಿದ್ದರು. ಮೂಲೆಯಲ್ಲಿ ಇಡಿ ಅಂದೆ. "ಮೂಲೇಲಿ ಯಾರಾನ ಬೊಟ್ಟು ಇಕ್ತಾರೇನಪ್ಪ? ನಿನ್ ಹೆಂಡ್ರು ಕಿವಿ ಮ್ಯಾಲೆ ಇಕ್ಕೊಂತಾರಾ?" ಎಂದರು. ನಿಮ್ಮ ರಾಗಿ ಉಳಿಯುವುದು ಬೇಡವೇ ಎಂದೆ. ಉಳಿಯಲಿ ಅಂತಲೇ ಇಕ್ಕುವುದು ಎಂದರು. ಜೀವಮಾನವಿಡೀ ಚೌಕಾಸಿ ಮಾಡಿದವನು ನಾನು. ಒಂದು ಕೂದಲೆಳೆಯಷ್ಟೂ ಸರಿಸಲಾಗಲಿಲ್ಲ. ಸದ್ಯಕ್ಕೆ ಮಾಲತಿಯೇ ಡಬ್ಬಿಯ ಕಣ್ಣಿನ ಮೇಲೆ ಬೆರಳಿಟ್ಟು ನಿಂತಳು. ಅವಳ ಬೆರಳಿನ ಸುತ್ತ ಅಜ್ಜಿ ಉಂಗುರದ ಹಾಗೆ ಬಳಿದರು.

ಜೀಪು ಹತ್ತುವ ಮೊದಲು ನಾನೂ ಬಂಡೆ ಹತ್ತಿದೆ. ಶೆಡ್ಡಿನಲ್ಲಿ ಅಚ್ಚು ಕೊರೆಯುವ ಮುನಿರಾಜನಿಗೆ ಫೋನು ಮಾಡಿ, ಅಚ್ಚು ನಿಲ್ಲಿಸು, ಕಣ್ಣಿನ ತೂತು ಕೆಳಗಿನ ಮೂಲೆಗೆ ತೆಗಿ, ನಡುವೆ ಕಾಸಗಲ ಜಾಗ ಖಾಲಿ ಬಿಡು ಎಂದೆ.

"ಅಲ್ಲೇನ್ ಬತ್ತದಣ್ಣ?" ಎಂದ.

ಕೆಳಗೆ ಹೊಲದಲ್ಲಿ ಡಬ್ಬಿ ಕೆಂಪು ಉಂಗುರ ತೊಟ್ಟು ಕಾಡಿನ ಕಡೆ ಮುಖ ಮಾಡಿ ಸುಮ್ಮನಿತ್ತು.

"ತಲೆ ತಿನ್ಬೇಡ ಕಣ್ಲಾ," ಎಂದೆ. "ನಿನ್ ಮಿಷನ್ನಿನ ಹಣೆ ನೋಡ್ಕೊ, ಗೊತ್ತಾಗ್ತದೆ."