ಕಡಲೆಗೆ ಸಂಬಂಧ ಕುದುರಿಸುವ ನಜ್ಲಾ ಅತ್ತೆ

ಲೆಬನಾನಿನ ನಮ್ಮ ಬೆಕಾ ಕಣಿವೆಯಲ್ಲಿ ತಳಿವಿಜ್ಞಾನಿ ನಜ್ಲಾ ಅತ್ತೆಯಷ್ಟು ಮದುವೆ ಮಾಡಿಸಿದವರು ಇನ್ನೊಬ್ಬರಿಲ್ಲ. ಎಲ್ಲವೂ ಕಡಲೆ ಗಿಡಗಳ ಮದುವೆ. ಬೆಳಗ್ಗೆಯೇ ಹೊಲದಲ್ಲಿ ಮಂಡಿಯೂರಿ, ಚಿಮಟದಿಂದ ಮೊಗ್ಗಿನ ಎಸಳು ತೆರೆದು, ಬೇರೆ ತಳಿಯ ಪರಾಗ ಸವರಿ, ದಾರ ಕಟ್ಟಿ ಹರಸುತ್ತಾರೆ. "ನನಗೂ ಒಂದು ಹೆಣ್ಣು ನೋಡಿ ಅತ್ತೆ," ಎಂದು ಟ್ರ್ಯಾಕ್ಟರಿನ ಘಸ್ಸಾನ್ ಕೇಳಿದರೆ, "ಮೊದಲು ನಿನ್ನ ಇಳುವರಿ ತೋರಿಸೋ!" ಎನ್ನುತ್ತಾರೆ. ಫಸಲು ಹೆಚ್ಚಲೆಂದು, ತೊಟ್ಟಿಗೆ ಎರಡು ಕಾಯಿ ಬಿಡುವ ತಳಿಯನ್ನು ದಪ್ಪ ಕಾಳಿನ ತಳಿಗೆ ಕೊಟ್ಟು ಮದುವೆ ಮಾಡಿಸಿದರು. ಮಕ್ಕಳೆಲ್ಲ ಒಂಟಿಕಾಯಿಯವೇ ಹುಟ್ಟಿದವು. "ಉತ್ತುಬಿಡ್ಲಾ?" ಎಂದ ಘಸ್ಸಾನ್. "ಸುಮ್ನಿರೋ, ಗುಣ ಒಳಗೆ ಅಡಗಿದೆ, ಮೊಮ್ಮಕ್ಕಳಲ್ಲಿ ಬರುತ್ತೆ." ಈ ವಸಂತದಲ್ಲಿ ಮೊಮ್ಮಗಳೊಬ್ಬಳ ತೊಟ್ಟಿನಲ್ಲಿ ದಪ್ಪನೆಯ ಜೋಡಿಕಾಯಿ ತೂಗಿದವು. ಮಾರನೆಯ ದಿನ, ಮದುವೆಯೇ ಆಗದ ಅತ್ತೆ, ಬಾಣಂತಿ ಮನೆಯಲ್ಲಿ ಹಂಚುವ ಮೆಘ್ಲಿ ಪಾಯಸವನ್ನು ಪಾತ್ರೆ ತುಂಬ ತಂದು, "ತಿನ್ರೋ, ನಮ್ಮನೇಲಿ ಕೂಸು ಹುಟ್ಟಿದೆ!" ಎಂದು ಬಡಿಸಿದರು.