ನೀರು ಕುಡಿಯದ ಕಂಡಕ್ಟರ್

ರಾಮದುರ್ಗ–ಯರಗಟ್ಟಿ ಬಸ್ಸಿನ ಕಂಡಕ್ಟರ್ ನಾನು. ದಾರಿಯಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲವೆಂದು ಡ್ಯೂಟಿ ಮುಗಿಯುವ ತನಕ ನೀರೇ ಕುಡಿಯುತ್ತಿರಲಿಲ್ಲ. ಒಂದು ಬೇಸಿಗೆ ಮಧ್ಯಾಹ್ನ ಟಿಕೆಟ್ ಕೊಡುತ್ತಲೇ ಕಣ್ಣಿಗೆ ಕತ್ತಲೆ ಬಂದು ಬಿದ್ದೆ. ಡ್ರೈವರ್ ಖಾದರಸಾಬರು ಬಸ್ಸನ್ನು ಸೀದಾ ಡಾಕ್ಟರ ಬಾಗಿಲಿಗೇ ಒಯ್ದರು.

"ಮೈಯಾಗ ನೀರಿಲ್ಲ, ಬಿಪಿ ಪೂರಾ ಇಳದೈತಿ. ನೀರ ಯಾಕ ಕುಡಿಯೂದಿಲ್ಲರಿ?" ಎಂದರು ಡಾಕ್ಟರು.

ಕಾರಣ ಹೇಳಲು ನಾಚಿಕೆಯಾಗಿ ತಲೆ ತಗ್ಗಿಸಿದೆ. ಖಾದರಸಾಬರಿಗೆ ತಿಳಿಯಿತು.

ಮರುದಿನ ಕಟಕೋಳದಲ್ಲಿ ಒಂದು ಮನೆ ಮುಂದೆ ಬಸ್ ನಿಲ್ಲಿಸಿ, "ಅಕ್ಕಾರ, ಇದು ನನ್ನ ತಂಗಿ ಮನಿ. ಹಿತ್ತಲದಾಗ ಪಾಯಖಾನಿ ಐತಿ, ಹೋಗಿ ಬರ್ರಿ. ಇನ್ನ ಮ್ಯಾಲ ಹೊಟ್ಟಿತುಂಬ ನೀರ ಕುಡೀರಿ" ಎಂದರು.

ಅಂದಿನಿಂದ ನನ್ನ ಬಿಪಿ ಸರಿಯಾಗಿದೆ. ಆದರೆ ಬಸ್ಸು ಅಲ್ಲಿ ನಿಂತೊಡನೆ ಹೆಂಗಸರೆಲ್ಲ ಇಳಿದು ಹಿತ್ತಲಲ್ಲಿ ಸಾಲು ನಿಂತುಬಿಡುತ್ತಾರೆ. ಕಂಡಕ್ಟರ್ ಎಂದರೂ ಯಾರೂ ನನ್ನನ್ನು ಮುಂದೆ ಬಿಡುವುದಿಲ್ಲ.