ಕಾಕಾ ಆಡಿದ ಮಾತಿಗೆ ಐದು ವರ್ಷ

ಕೊರೊನಾ ಮುಗಿದು ಕೋರ್ಟುಗಳು ಮತ್ತೆ ತುಂಬತೊಡಗಿದ ವರ್ಷವದು. ತೆಲಂಗಾಣದ ಜಹೀರಾಬಾದಿನಲ್ಲಿ ನಾನು ಕ್ರಿಮಿನಲ್ ವಕೀಲಿಕೆ ಆರಂಭಿಸಿ ಇಪ್ಪತ್ತು ವರ್ಷ ದಾಟಿತ್ತು. ಒಂದು ಸೋಮವಾರ ಕರ್ನಾಟಕದ ಗಡಿಗೆ ಹತ್ತಿದ ನಾಗಲಗಿದ್ದ ಊರಿನ ಕಡೆಯ ಕನ್ನಡ ಹಳ್ಳಿಯೊಂದರಿಂದ ಜೀಪು ತುಂಬ ಜನ ನನ್ನ ಆಫೀಸಿಗೆ ಬಂದರು. ಆರೋಪಿ ಸಂಗಮೇಶ ಯುವಕ, ರೈತ. ಜಾಮೀನಿನ ಮೇಲೆ ಹೊರಗಿದ್ದ. ಹೊಲದ ಬದುವಿನ ಜಗಳದಲ್ಲಿ ದಾಯಾದಿ ಮಾಣಿಕಪ್ಪನ ತಲೆ ಒಡೆದನೆಂದು ಅವನ ಮೇಲೆ ಕೊಲೆ ಯತ್ನದ ಕೇಸು. ಆದರೆ ನನ್ನೆದುರಿನ ಕುರ್ಚಿಯಲ್ಲಿ ಕುಳಿತವರು ಅವನ ಕಾಕಾ, ಅಂದರೆ ಚಿಕ್ಕಪ್ಪ, ವೀರಶೆಟ್ಟಿ. ಸಂಗಮೇಶ ಅವರ ಬೆನ್ನ ಹಿಂದೆ ಕೈಕಟ್ಟಿ ನಿಂತಿದ್ದ.

“ಹುಡುಗ ಅವತ್ತ ಊರಾಗ ಇರಲಿಲ್ರಿ ವಕೀಲ್ ಸಾಬ್. ಬೀದರ ಕಡಿ ಅಕ್ಕನ ಮನಿಗಿ ತೊಟ್ಟಿಲ ಕಾರ್ಯಕ್ಕ ಹೋಗಿದ್ದ. ಊರ ಪಂಚರ ಬೈಠಕ್‌ನಾಗ ವಿಭೂತಿ ಮುಟ್ಟಿ ಹೇಳೀನಿ,” ಎಂದರು ಕಾಕಾ.

ಇಂಥ ಕೇಸಿನಲ್ಲಿ ನಮಗಿರುವ ದಾರಿಗಳು ಹೆಚ್ಚಿಲ್ಲ. ಒಂದು ಅಲಿಬಿ, ಅಂದರೆ ಘಟನೆಯ ಹೊತ್ತಿಗೆ ಆರೋಪಿ ಬೇರೆಲ್ಲೋ ಇದ್ದ ಎಂಬ ವಾದ. ಅದನ್ನು ರುಜುವಾತು ಮಾಡುವ ಹೊಣೆ ನಮ್ಮದೇ. ಇನ್ನೊಂದು ಆತ್ಮರಕ್ಷಣೆ: ಹೊಡೆದದ್ದು ನಿಜ, ಆದರೆ ಜೀವ ಉಳಿಸಿಕೊಳ್ಳಲು ಹೊಡೆದೆ ಎನ್ನುವುದು. ಒಂದೇ ಬಾಯಲ್ಲಿ ಎರಡನ್ನೂ ಹೇಳಲಾಗದು. ಪೊಲೀಸರ ಆರೋಪಪಟ್ಟಿ ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಬದುವಿನ ಮೇಲೆ ಸಿಕ್ಕ ಕೊಡಲಿ ಗಾಯಗೊಂಡ ಮಾಣಿಕಪ್ಪನದ್ದೇ! ಸಂಗಮೇಶನದೆಂದು ಸಿಕ್ಕಿದ್ದು ಬರೀ ಬಡಿಗೆ.

“ಮಾಣಿಕಪ್ಪ ಕೊಡಲಿ ಎತ್ತಿದ್ನೇನು?” ಎಂದು ಹುಡುಗನನ್ನು ಕೇಳಿದೆ. ಅವನು ಕಾಕಾನ ಕಡೆ ನೋಡಿದ.

“ಊರಾಗ ಇಲ್ಲದಂವಗ ಏನ್ ಗೊತ್ರಿ?” ಎಂದು ಕಾಕಾನೇ ಉತ್ತರ ಕೊಟ್ಟರು.

ಹೊಡೆದೆ ಎಂದು ಒಪ್ಪಿದರೆ ಕೇಸು ಸೋತಂತೆ ಎಂಬುದು ಅವರ ಲೆಕ್ಕ. ಮೇಲಾಗಿ, ಮನೆಯ ಹಿರಿಯ ಬೈಠಕ್‌ನಲ್ಲಿ ಆಡಿದ ಮಾತನ್ನು ಕಿರಿಯ ಅಲ್ಲಗಳೆಯುವಂತಿಲ್ಲ. ಹುಡುಗನೊಬ್ಬನನ್ನೇ ಒಳಗೆ ಕರೆದರೆ ಕಾಕಾನೂ ರುಮಾಲು ಸರಿಮಾಡಿಕೊಳ್ಳುತ್ತ ಎದ್ದು ಬರುತ್ತಿದ್ದರು. ಕಕ್ಷಿದಾರ ಹೇಳದ್ದನ್ನು ವಕೀಲ ಕಟ್ಟಿ ಹೇಳುವಂತಿಲ್ಲ. ಹಲ್ಲು ಕಚ್ಚಿಕೊಂಡು ಅಲಿಬಿಯನ್ನೇ ಹಿಡಿದೆ.

ವಿಚಾರಣೆಯಲ್ಲಿ ಮೊಬೈಲ್ ಟವರ್ ದಾಖಲೆ ಬಂತು. ಜಗಳ ನಡೆದ ಬೆಳಿಗ್ಗೆ ಸಂಗಮೇಶನ ಫೋನು ಊರಲ್ಲೇ ಇತ್ತು. ಅಲಿಬಿ ಅಲ್ಲಿಗೇ ಮಣ್ಣುಪಾಲಾಯಿತು. ಆದರೂ ಒಂದು ಅವಕಾಶ ಉಳಿದಿತ್ತು. ಸರ್ಕಾರಿ ಸಾಕ್ಷಿಗಳು ಮುಗಿದ ಮೇಲೆ ನ್ಯಾಯಾಧೀಶರು ಆರೋಪಿಯನ್ನೇ ನೇರವಾಗಿ ಕೇಳುತ್ತಾರೆ. ಅಲ್ಲಿ ಪ್ರಮಾಣವಿಲ್ಲ, ಪಾಟೀಸವಾಲಿಲ್ಲ. “ಇವತ್ತಾದರೂ ಆದದ್ದು ಹೇಳಪ್ಪ,” ಎಂದು ಕೋರ್ಟಿನ ಬಾಗಿಲಲ್ಲಿ ಹುಡುಗನನ್ನು ಬೇಡಿಕೊಂಡೆ. ನ್ಯಾಯಾಧೀಶರು ತೆಲುಗಿನಲ್ಲಿ ಕೇಳಿದರು. ಹಿಂದಿನ ಬೆಂಚಿನಲ್ಲಿ ಕಾಕಾ ಕೆಮ್ಮಿದರು. ಹುಡುಗ ತಲೆ ತಗ್ಗಿಸಿ ಊರಲ್ಲಿರಲಿಲ್ಲ ಎಂದ. ನನಗೆ ಎದ್ದು ಹೋಗಿಬಿಡಬೇಕೆನಿಸಿತು.

ಕೊನೆಯ ವಾದದಲ್ಲಿ ಆ ಕೊಡಲಿಯನ್ನು ತೋರಿಸಿ ಆತ್ಮರಕ್ಷಣೆಯ ಮಾತೆತ್ತಿದೆ. “ಊರಲ್ಲೇ ಇಲ್ಲದವನು ಯಾರಿಂದ ತನ್ನನ್ನು ಕಾಪಾಡಿಕೊಂಡ, ವಕೀಲರೇ?” ಎಂದರು ನ್ಯಾಯಾಧೀಶರು. ಐದು ವರ್ಷ ಶಿಕ್ಷೆಯಾಯಿತು.

ಮೇಲ್ಮನವಿಗೆ ಸಹಿ ಹಾಕಿಸಲು ಜೈಲಿಗೆ ಹೋದಾಗ ಸಂಗಮೇಶ ಮೊದಲ ಬಾರಿ ಒಬ್ಬನೇ ಸಿಕ್ಕ.

“ಅಂವ ಕೊಡಲಿ ಎತ್ತಿ ಮೈಮ್ಯಾಲ ಬಂದಿದ್ದರಿ. ಹೊಡೀಲಿಲ್ಲಂದ್ರ ಅಲ್ಲೇ ಸಾಯ್ತಿದ್ದೆ.”

“ಇದನ್ನ ಅವತ್ತ ಹೇಳಾಕ ಏನಾಗಿತ್ತೋ ನಿನಗ?” ಎಂದು ರೇಗಿದೆ.

“ಬೈಠಕ್‌ನಾಗ ಕಾಕಾ ಸುಳ್ಳುಗಾರ ಆಗ್ತಿದ್ದರಿ.”

ಮೇಲಿನ ಕೋರ್ಟಿನಲ್ಲಿ ಹೊಸ ಮಾತಿಗೆ ಬೆಲೆ ಕಡಿಮೆ. ಆದರೂ ಪ್ರಯತ್ನಿಸೋಣ, ಹೇಳುತ್ತೀಯಾ ಎಂದೆ.

“ಕಾಕಾ ತೀರಿಹೋದ ಮ್ಯಾಲ ಹೇಳಿದ್ರ ನಡೀತದೇನ್ರಿ?”

ಈಗ ಯಾರೇ ಬರಲಿ, ಮೊದಲು ಹಿರಿಯರನ್ನೆಲ್ಲ ಚಹಾ ಕುಡಿಯಲು ಹೊರಗೆ ಕಳಿಸಿ ಚಿಲಕ ಹಾಕುತ್ತೇನೆ. ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಜೈಲಿಗೆ ಹೋಗಬೇಕಾದವನು ಯಾರೋ, ಅವನ ಬಾಯಿಂದಲೇ ನಾನು ಮಾತು ಕೇಳಬೇಕು.